ಲೀಲಾಧರಣ್ಣನ ಬಾಲ್ಕನಿ
ಮಂಗಳೂರಿನ ಕೊಡಿಯಾಲ್‌ಬೈಲಿನ ನಮ್ಮ ಟ್ರಾವೆಲ್ಸ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಲೀಲಾಧರಣ್ಣ ಬಂದು ನಿಂತಿರುತ್ತಾರೆ. ಮುಂಬೈಯಿಂದ ಕೊಚ್ಚಿಗೆ ಹೋಗುವ ಪ್ರವಾಸಿ ಹಡಗಿನಲ್ಲಿ ಅವರಿಗೂ ಹೆಂಡತಿ ರಾಜೀವಿಯಕ್ಕನಿಗೂ ಕಿಟಕಿಯಿಲ್ಲದ ಕೋಣೆ ಬುಕ್ ಆಗಿದೆ. ಬಾಲ್ಕನಿಯ ಕೋಣೆಗೆ ಬದಲಾಯಿಸಬೇಕೋ ಬೇಡವೋ ಎಂಬುದು ಹತ್ತು ದಿನದಿಂದ ಇತ್ಯರ್ಥವಾಗಿಲ್ಲ. ಮೂವತ್ತು ವರ್ಷ ತಾಂಡೇಲನಾಗಿ ಮೀನಿನ ಬೋಟು ನಡೆಸಿದವರು, ಗಾಳಿ ಮೂಸಿಯೇ ಬಂಗುಡೆ ಎಲ್ಲಿದೆಯೆಂದು ಹೇಳುತ್ತಿದ್ದವರು, ಈಗ ಹಡಗಿನ ನಕ್ಷೆಯ ಮುಂದೆ ಕನ್ನಡಕ ಏರಿಸಿ ಇಳಿಸಿ ಒದ್ದಾಡುತ್ತಾರೆ. "ಸಮುದ್ರ ನೋಡ್ಲಿಕ್ಕೆ ದುಡ್ಡು ಕೊಡುದಾ ಮಾರಾಯ? ನಾನು ಬಲೆಯ ರಾಶಿಯ ಮೇಲೆ ಮಲಗಿದವ" ಎಂದು ಎದ್ದುಹೋಗುತ್ತಾರೆ. ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು, "ಅಲ್ಲಿ ಎರಡು ಕುರ್ಚಿ ಉಂಟಲ್ಲ? ಕೋಣೆ ಹಡಗಿನ ಎಡಕ್ಕಾ, ಬಲಕ್ಕಾ? ಮಂಗಳೂರು ದಾಟುವಾಗ ಹಗಲಲ್ವಾ?" ಎನ್ನುತ್ತಾರೆ. ಮಾತು ಬೋಟಿನ ಕಾಲಕ್ಕೆ ಹೊರಳಿತೆಂದರೆ ನನ್ನ ಚಹಾ ಆರಿತೆಂದೇ ಲೆಕ್ಕ: ಡೀಸೆಲ್ ವಾಸನೆಯ ಗಂಜಿ, ಅದಕ್ಕೆ ಆಗಷ್ಟೇ ಹಿಡಿದ ಮೀನಿನ ಸಾರು, ವೈರ್‌ಲೆಸ್ಸಿನಲ್ಲಿ ಪಕ್ಕದ ಬೋಟಿನವರ ಯಕ್ಷಗಾನದ ಪದ. ನಿನ್ನೆ ನನಗೂ ಸಾಕಾಯಿತು. "ಲೀಲಾಧರಣ್ಣ, ನಿಮಗೆ ಸಮುದ್ರ ಹೊಸತಾ? ಬಾಲ್ಕನಿ ಬಿಟ್ಟುಬಿಡಿ" ಎಂದೆ. ಅವರು ನಕ್ಷೆ ಮಡಚಿದರು. "ನಂಗಲ್ಲ ಮಾರಾಯ. ಹೆಂಗಸರು ಬೋಟು ಹತ್ತಬಾರ್ದು ಅಂತ ನಮ್ಮಲ್ಲಿ. ರಾಜೀವಿ ಅಷ್ಟೂ ವರ್ಷ ಇಲ್ಲಿ ಬೆಂಗ್ರೆಯ ದಡದಲ್ಲೇ ನಿಂತು ಕಾದಳು. ಎಡಬದಿಯ ಬಾಲ್ಕನಿಯೇ ಮಾಡು, ದಡ ಇರುದು ಆ ಕಡೆ. ಅವಳು ನಿಲ್ತಿದ್ದ ಜಾಗ ನಂಗೆ ಎಷ್ಟು ದೂರದಿಂದ ಕಾಣ್ತಿತ್ತು ಅಂತ ಅವಳಿಗೊಮ್ಮೆ ತೋರಿಸ್ಬೇಕು."