ಅಟ್ಟ ಸೇರಿದ ಪ್ಲೇಟುಗಳು

ಇವತ್ತು ಬಿಳಿಗೆರೆಯ ನೆಂಟರ ಮನೆಗೆ ಕಾಲಿಟ್ಟೊಡನೆ ಅಟ್ಟದ ಕೊಬ್ಬರಿಯ ಹೊಗೆವಾಸನೆ ಬಡಿಯಿತು ನೋಡಿ, ಅಪ್ಪನ ಗ್ರಾಮಫೋನ್ ಪ್ಲೇಟುಗಳು ನೆನಪಾದವು.

ನಾಟಕದ ಹಾಡು, ನಾದಸ್ವರ, ಹಿಂದಿ ಸಿನಿಮಾ, ಕವ್ವಾಲಿ, ಅಪ್ಪನ ಹತ್ತಿರ ಎಲ್ಲ ಇದ್ದವು. ಅವ್ವನಿಗೆ ಮಾತ್ರ ಸೋಬಾನೆಯದೊಂದೇ ಸಾಕು. ಕಾಯಿ ತುರಿಯುತ್ತಾ ಅದರ ಪಲ್ಲವಿಗೆ ತಾನೂ ದನಿಗೂಡಿಸುತ್ತಿದ್ದಳು.

ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. "ವರ್ಷ ತುಂಬೋಗಂಟ ಮನೇಲಿ ಹಾಡು ಕೂಡದು ಕಣ್ಲಾ," ಎಂದ ಅಜ್ಜಿ ಪ್ಲೇಟುಗಳನ್ನು ಅಟ್ಟಕ್ಕೆ ಹಾಕಿಸಿದಳು. "ಕೊಬ್ಬರಿ ಜೊತೆ ಬೆಚ್ಚಗಿರ್ತವೆ, ಗೆದ್ಲು ಹಿಡಿಯಕಿಲ್ಲ ಬುಡು." ಅಟ್ಟದ ಕೆಳಗೇ ಒಲೆ ಉರಿಯುತ್ತಿತ್ತು.

ವರ್ಷದ ತಿಥಿ ಮುಗಿದ ಸಂಜೆ ಅಪ್ಪ ಇಳಿಸಿ ನೋಡಿದರೆ, ಎಲ್ಲವೂ ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. ಆದರೂ ಸೋಬಾನೆ ಹಾಕಿದ. ಹಾಡು ಅತ್ತಂತೆ ಕೇಳಿಸಿತು. ಅವ್ವನ ಪಲ್ಲವಿ ಬರುವಷ್ಟರಲ್ಲಿ ಮುಳ್ಳು ಹಾರಿ ಮುಂದಕ್ಕೆ ಬಿತ್ತು. ಹಿಂದಕ್ಕಿಟ್ಟ, ಮತ್ತೆ ಹಾರಿತು.

"ನಿಲ್ಸೋ ಮಗ, ಕರುಳು ಕಿತ್ತು ಬತ್ತದೆ," ಎಂದಳು ಅಜ್ಜಿ.

"ಅವಳು ಹಾಡೋ ಜಾಗ ಒಂದೇ ಕಣವ್ವ ಹೋಗಿರೋದು," ಎಂದ ಅಪ್ಪ, ಮುಚ್ಚಳ ಹಾಕಿದ. ಮತ್ತೆಂದೂ ತೆಗೆಯಲಿಲ್ಲ.

ನೆಂಟರ ಸೊಸೆ ಕಾಫಿ ಕೊಟ್ಟು ಫೋನು ಹಿಡಿದಳು. "ಎಲ್ಲ ಹಾಡೂ ಸಿಗ್ತವೆ ಮಾವ, ಯಾವ್ದು ಹಾಕ್ಲಿ?"

"ಯಾವ್ದಾದ್ರೂ ಹಾಕವ್ವ," ಎಂದೆ, "ಸೋಬಾನೆ ಒಂದು ಬುಟ್ಟು."