ಈ ‘ಇತರೆ’ ಅಂದ್ರೆ ಯಾರಪ್ಪಾ?

ತುಮಕೂರಿನ ಆ ಕಾಲೇಜಿನಲ್ಲಿ ಮನ್ಸೂರ್ ಅಲಿಗೆ ಇದ್ದ ಮರ್ಯಾದೆ ಪ್ರಿನ್ಸಿಪಾಲರಿಗೂ ಇರಲಿಲ್ಲ. ಗುಬ್ಬಿ, ಕುಣಿಗಲ್ ಶಾಖೆಗಳೂ ಸೇರಿ ಎಲ್ಲರ ಅಡ್ಮಿಷನ್ನು, ಅಂಕಪಟ್ಟಿ, ಲೈಬ್ರರಿ ಒಂದೇ ಸರ್ವರಿನಲ್ಲಿದ್ದವು. ಅದನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಮನ್ಸೂರ್. ವಾರಕ್ಕೊಮ್ಮೆ ಅದು ಮುಷ್ಕರ ಹೂಡುತ್ತಿತ್ತು. ಅಟೆಂಡರ್ ಹೊಂಬಾಳಮ್ಮ, “ಸಾರ್, ಮತ್ತೆ ಮಲಿಕ್ಕಂಡ್ತು!” ಎಂದು ಓಡಿ ಬರುತ್ತಿದ್ದಳು. ಮನ್ಸೂರ್ ಗಂಭೀರವಾಗಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಸ್ವಿಚ್ ಆರಿಸಿ, ನೂರು ಎಣಿಸಿ, ಮತ್ತೆ ಹಾಕುತ್ತಿದ್ದ. ಹೊರಬರುವಷ್ಟರಲ್ಲಿ ಕಾಫಿ, ಎರಡು ಬಿಸ್ಕತ್ತು ಕಾದಿರುತ್ತಿದ್ದವು.

2004ರ ಮೇ ತಿಂಗಳಲ್ಲಿ ಕಾರ್ಯದರ್ಶಿ ಸದಾಶಿವಯ್ಯನವರು ಅವನನ್ನು ಕರೆದರು. ಮೇಜಿನ ಮೇಲೆ ಬೆಂಗಳೂರಿನ ಯಾವುದೋ ಕಂಪನಿಯ ಪತ್ರವಿತ್ತು.

“ನೋಡಪ್ಪಾ ಮನ್ಸೂರು, ಇವ್ರು ಹೊಸ ಸರ್ವರ್ರೂ ಕೊಡ್ತಾರಂತೆ, ನೋಡ್ಕೊಳ್ಳೋಕೆ ಜನಾನೂ ಕೊಡ್ತಾರಂತೆ. ನಮ್ದು ಯಾಕೆ ಮಲಗುತ್ತೆ ಅಂತ ಸೋಮವಾರ ತೋರ್ಸು. ಇಲ್ದಿದ್ರೆ ನಾನು ಸೈನ್ ಹಾಕ್ಬೇಕಾಗುತ್ತೆ.”

ಸೈನ್ ಬಿದ್ದರೆ ಮನ್ಸೂರನ ಕೆಲಸ ಹೋದಂತೆಯೇ.

ಸರ್ವರಿನ ಪರದೆಯ ಮೇಲೆ ಇನ್ನೂರಕ್ಕೂ ಹೆಚ್ಚು ಪ್ರೋಸೆಸ್ಸುಗಳು, ಅಂದರೆ ಒಳಗೆ ನಡೆಯುತ್ತಿದ್ದ ಸಣ್ಣಪುಟ್ಟ ಕೆಲಸಗಳು, ಸಂತೆಯ ಜನದ ಹಾಗೆ ಓಡಾಡುತ್ತಿದ್ದವು. ಯಾವುದು ಯಾವ ಕೆಲಸದ್ದೆಂದು ಗುಂಪು ಮಾಡಿಬಿಟ್ಟರೆ ಯಾವ ಗುಂಪು ಜಾಸ್ತಿ ನುಂಗುತ್ತಿದೆಯೆಂದು ಗ್ರಾಫಿನಲ್ಲಿ ತಿಳಿಯುತ್ತದೆ. ಮನ್ಸೂರ್ ಹೆಸರು ನೋಡಿ ವಿಂಗಡಿಸಿದ. ಲೈಬ್ರರಿಯೇ ಸರ್ವರನ್ನೆಲ್ಲ ತಿನ್ನುತ್ತಿದೆಯೆಂದು ಗ್ರಾಫು ಹೇಳಿತು. ಅವತ್ತು ಲೈಬ್ರರಿಗೆ ಬೀಗ ಹಾಕಿತ್ತು.

ಭಾನುವಾರ ಗುಬ್ಬಿಯಲ್ಲಿ ಅವನ ಅಕ್ಕನ ಮಗಳು ಅಂಬ್ರೀನಳ ಮದುವೆ. ಮನ್ಸೂರನ ತಾಯಿ ಜೈನಬ್ ಬೀ ಹಾಲ್‌ನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದವರನ್ನೆಲ್ಲ “ಯಾರ ಕಡೆ?” ಎಂದು ಕೇಳಿ ಊಟಕ್ಕೆ ಕಳಿಸುತ್ತಿದ್ದರು.

“ಹೆಸ್ರು ಕೇಳಲ್ವಾ ಅಮ್ಮೀ?”

ಜೈನಬ್ ಬೀಯವರ ಮನೆಮಾತು ಉರ್ದು. ಆದರೆ ಬೈಯುವುದಕ್ಕೆ ಕನ್ನಡವೇ ಸರಿ ಎಂಬುದು ಅವರ ಅಭಿಪ್ರಾಯ. “ಹೆಸ್ರು ತಗೊಂಡು ಏನ್ಲೇ ಮಾಡ್ಲಿ? ಒಳಗೆ ಆಗ್ಲೇ ನಾಲ್ಕು ಜನ ಅಮೀನ್ ಅವ್ರೆ. ಕರ್ಕೊಂಡು ಬಂದಿದ್ದು ಯಾರು ಅಂತ ಕೇಳ್ಬೇಕು. ಯಾರ ಕಡೆಯೂ ಅಲ್ದೆ ಇರೋನೇ ನೋಡು, ಮೂರು ಸಲ ಬಿರಿಯಾನಿ ಹಾಕಿಸ್ಕೊಳ್ಳೋದು.”

ಮನ್ಸೂರ್ ಕೈ ತೊಳೆದವನೇ ಬಸ್ಸು ಹತ್ತಿ ತುಮಕೂರಿಗೆ ಬಂದ. ಈ ಸಲ ಒಂದೊಂದು ಪ್ರೋಸೆಸ್ಸನ್ನೂ ‘ನಿನ್ನನ್ನು ಶುರುಮಾಡಿದ್ದು ಯಾರು?’ ಎಂದು ವಿಚಾರಿಸುತ್ತ ಹೋದ. ಅಡ್ಮಿಷನ್ ಕಡೆಯವು ಒಂದೆಡೆ ಸೇರಿದವು, ಅಂಕಪಟ್ಟಿ, ಲೈಬ್ರರಿ ಕಡೆಯವೂ ಸೇರಿದವು. ಮೂವರಿಗೂ ಸೇರದೆ ಉಳಿದ ಒಂದು ದೊಡ್ಡ ಹಿಂಡಿಗೆ, ಸಾಕಾಗಿ, ‘ಇತರೆ’ ಎಂದು ಹೆಸರಿಟ್ಟ.

ಸೋಮವಾರ ಸದಾಶಿವಯ್ಯನವರು ಕನ್ನಡಕ ಏರಿಸಿ ಗ್ರಾಫ್ ನೋಡಿದರು.

“ಈ ‘ಇತರೆ’ ಅಂದ್ರೆ ಯಾರಪ್ಪಾ? ಅರ್ಧಕ್ಕಿಂತ ಜಾಸ್ತಿ ತಿಂತಾವ್ನಲ್ಲ, ಕರೆಸು ಅವ್ನನ್ನ.”

ಕರೆಸದೆ ವಿಧಿಯಿರಲಿಲ್ಲ. ಮನ್ಸೂರ್ ಅವರ ಎದುರಿಗೇ ಆ ಹಿಂಡಿನ ಮೂಲ ಹುಡುಕಿದ. ಶುರುಮಾಡಿದವನ ಹೆಸರು ಪರದೆಯ ಮೇಲೆ ಮೂಡಿತು: ಮನ್ಸೂರ್.

1999ರಲ್ಲಿ ಗುಬ್ಬಿ, ಕುಣಿಗಲ್ಲಿನ ಹಳೇ ಕಂಪ್ಯೂಟರುಗಳು ಬದುಕಿವೆಯೇ ಎಂದು ಗಳಿಗೆಗೊಮ್ಮೆ ಕೇಳಿ ಬರಲು ಅವನೇ ಒಂದು ಪುಟ್ಟ ಪ್ರೋಗ್ರಾಮ್ ಬರೆದಿಟ್ಟಿದ್ದ. ಆ ಕಂಪ್ಯೂಟರುಗಳು ಗುಜರಿಗೆ ಹೋಗಿ ಮೂರು ವರ್ಷವಾಗಿತ್ತು. ಕೇಳಲು ಹೋದ ಪ್ರೋಸೆಸ್ಸುಗಳು ಉತ್ತರಕ್ಕೆ ಕಾಯುತ್ತ ಕೂತೇ ಇದ್ದವು, ಪಕ್ಕಕ್ಕೆ ಹೊಸವು ಬಂದು ಕೂರುತ್ತಿದ್ದವು. ವಾರಕ್ಕೆ ಸರ್ವರ್ ತುಂಬಿ ಮಲಗುತ್ತಿತ್ತು. ಇಷ್ಟು ದಿನ ಮನ್ಸೂರ್ ಕಾಫಿ ಕುಡಿದು ವಾಸಿ ಮಾಡುತ್ತಿದ್ದದ್ದು ತಾನೇ ಅಂಟಿಸಿದ ರೋಗವನ್ನು.

“ಸಾರ್,” ಎಂದ ಅವನು, ಕಿವಿ ಕೆಂಪಗಾಗಿ, “ಈ ‘ಇತರೆ’ ನಾನೇ.”

ಸದಾಶಿವಯ್ಯನವರು ಬೆಂಗಳೂರಿನ ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. “ಅವ್ರು ಬಂದ್ರೆ ಅವ್ರದ್ದೂ ಒಬ್ಬ ‘ಇತರೆ’ ಇರ್ತಾನೆ. ಅವನು ಇಷ್ಟು ಬೇಗ ಒಪ್ಕೊಳ್ಳಲ್ಲ. ಹೋಗು, ಮೊದ್ಲು ಅದನ್ನ ತೆಗೆದು ಬಿಸಾಕು.”

ಅಂದಿನಿಂದ ಸರ್ವರ್ ಮಲಗಲೇ ಇಲ್ಲ. ಯಾರೂ ಓಡಿ ಬರಲಿಲ್ಲ, ಕಾಫಿಯೂ ಬರಲಿಲ್ಲ. ಒಂದು ತಿಂಗಳಾದ ಮೇಲೆ ಹೊಂಬಾಳಮ್ಮ ಕಸ ಗುಡಿಸುತ್ತ ಅವನ ಮೇಜಿನ ಹತ್ತಿರ ನಿಂತು, ನಿಜವಾದ ಕನಿಕರದಿಂದಲೇ ಕೇಳಿದಳು:

“ಸಾರ್, ಈಗೀಗ ನಿಮಗೆ ಇಲ್ಲಿ ಏನ್ ಕೆಲ್ಸ ಕೊಟ್ಟವ್ರೆ?”