ಕೆನ್ನೆಗೆ ಒತ್ತಿದ ಎಲಾಸ್ಟಿಕ್

“ಅಮ್ಮಾ, ಎಲಾಸ್ಟಿಕ್ ತಾತ ಪಟ್ಟೀನ ಯಾಕೆ ಕೆನ್ನೆಗೆ ಒತ್ಕೋತಾರೆ?”

ಐದು ವರ್ಷದ ಮಗಳು ಹೀಗೆ ಕೇಳಿದ್ದು ಕ್ರೀಡಾ ಉಡುಪಿನ ಕಾರ್ಖಾನೆಯ ಮೆಟ್ಟಿಲಿಳಿಯುವಾಗ. ಅಲ್ಲಿ ಲೇಬಲ್ ಹೊಲಿಯುವ ತಾಯಿ, ಏನೋ ಅಭ್ಯಾಸ ಇರಬೇಕು ಎಂದು ಮಾತು ತೇಲಿಸಿದಳು.

ಎಲಾಸ್ಟಿಕ್ ತಾತ ಆ ಕಾರ್ಖಾನೆಯ ಯಜಮಾನರು; ಅವರ ಕಥೆ ಮಾತ್ರ ಅವಳಿಗೆ ಬಾಯಿಪಾಠ. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಅವರೇ ಅದನ್ನು ಹೇಳಿ ಮುಗಿಸುತ್ತಿದ್ದರು. ಹದಿನೆಂಟನೇ ವಯಸ್ಸಿನಲ್ಲಿ ತಾತ ಹರ್ನಿಯಾ ಬೆಲ್ಟ್ ಹೊಲಿಯುವ ಅಂಗಡಿ ಸೇರಿದರು. ಅಲ್ಲಿಗೊಬ್ಬ ಸೈಕಲ್ ಪಂದ್ಯಗಾರ ಬಂದು, ಕಲ್ಲುಹಾಸಿನ ರಸ್ತೆ ಮುಗಿಸುವಷ್ಟರಲ್ಲಿ ಕೂರಲೂ ಆಗದು, ನಿಲ್ಲಲೂ ಆಗದು ಎಂದು ಗೋಳು ತೋಡಿಕೊಂಡ. ತಾತ ಬೆಲ್ಟಿನ ಎಲಾಸ್ಟಿಕ್‌ಗೆ ಬಲೆಬಟ್ಟೆಯ ಚೀಲ ಕೂಡಿಸಿ, ಹಿಂದೆ ಎರಡು ಪಟ್ಟಿ ಹಾಕಿ, ಗಂಡಸರ ತೊಡೆಸಂದಿಗೆ ಆಸರೆಯಾಗಿ ಚಡ್ಡಿಯೊಳಗೆ ತೊಡುವ ಸಪೋರ್ಟರ್ ಮಾಡಿ ಕೊಟ್ಟರು. ಮರುವಾರ ಅವನ ಬೆನ್ನಿಗೆ ಏಳು ಜನ ಬಂದರು. ಮದುವೆಯಾದ ಮೇಲೆ ಹೆಂಡತಿಯೊಡನೆ ಸ್ವಂತ ಕಾರ್ಖಾನೆ.

ಸಪೋರ್ಟರ್ ಎನ್ನಲು ನಾಚಿ ಗಿರಾಕಿಗಳು “ಒಂದು ಅದು ಕೊಡಿ” ಎನ್ನುತ್ತಿದ್ದರಂತೆ. ಅಳತೆ ಕೇಳಿದರೆ ಕಡ್ಡಿಯಂಥವನೂ ಎದೆ ಸೆಟೆಸಿ ದೊಡ್ಡದೇ ಬೇಕು ಅನ್ನುವನು. ಓಡುವಾಗ ಅದು ಮೊಣಕಾಲಿಗೆ ಜಾರುವುದು. “ಸೊಂಟದ ಅಳತೆ ಕಣಪ್ಪಾ ನಾ ಕೇಳಿದ್ದು” ಎಂದು ಹೇಳಿ ಹೇಳಿ ಸೋತ ಹೆಂಡತಿ, ಲೇಬಲ್‌ನಿಂದ ಚಿಕ್ಕದು ದೊಡ್ಡದು ಕಿತ್ತುಹಾಕಿ ಸೊಂಟದ ಇಂಚು ಬರೆಸಿದರು. ಗಿರಾಕಿಯ ಮಾನ ಉಳಿಯಿತು. ಒಳಗಿನದನ್ನು ನಂಬಿದವರು ಚಡ್ಡಿಗೂ ಜೆರ್ಸಿಗೂ ಅಲ್ಲಿಗೇ ಬಂದರು.

ಒಮ್ಮೆ ಮಾತ್ರ ತಾತ ಎಡವಿದರು. ರೋಲ್‌ನಲ್ಲಿ ಎಲಾಸ್ಟಿಕ್ ಎಳೆದು ಬಿಗಿಯಾಗಿ ಸುತ್ತಿರುತ್ತಾರೆ. ಬಿಚ್ಚಿ ಒಂದು ದಿನ ಸಡಿಲವಾಗಿ ಹರಡಿದರೆ ಕುಗ್ಗಿ ತನ್ನ ನಿಜವಾದ ಉದ್ದಕ್ಕೆ ಇಳಿಯುತ್ತದೆ. ಅವಸರದಲ್ಲಿ ಅವರು ಹಾಗೇ ಕತ್ತರಿಸಿ ಹೊಲಿಸಿದರು. ಮೂವತ್ತಾರು ಇಂಚಿನ ಮುನ್ನೂರು ಸೊಂಟಪಟ್ಟಿ ಮರುದಿನಕ್ಕೆ ಮೂವತ್ತೆರಡು. ಹೆಂಡತಿ ಮೂರು ದಿನ ಹೊಲಿಗೆ ಬಿಚ್ಚಿದರು, ತುಟಿ ಬಿಚ್ಚಲಿಲ್ಲ. ಅಂದಿನಿಂದ ಎಲಾಸ್ಟಿಕ್ ಮಲಗಿ ಎದ್ದ ಮೇಲೇ ಕತ್ತರಿ. ಅದರ ನಿದ್ದೆ ಮುಗಿಯಿತೋ ಇಲ್ಲವೋ, ತಾತ ಬೆರಳಲ್ಲಿ ಎಳೆದು ಹೇಳಬೇಕು. ಹೆಂಡತಿ ತೀರಿಕೊಂಡ ಮೇಲೆ ಕತ್ತರಿ ಅವರ ಮಗಳ ಕೈಗೆ ಬಂತು. ಅಪ್ಪ ಸರಿ ಅಂದರೆ ಅವಳು ಮರುಮಾತಿಲ್ಲದೆ ಕತ್ತರಿಸುತ್ತಾಳೆ.

ಮಾರನೇ ದಿನ ತಾಯಿ ಲೇಬಲ್ ಹೊಲಿಯುತ್ತ, ಮಗಳ ಪ್ರಶ್ನೆಯನ್ನು ತಮಾಷೆಗೆಂದು ತಾತನಿಗೆ ದಾಟಿಸಿದಳು. ತಾತ ನಗಲಿಲ್ಲ. ಗುಂಡುಸೂಜಿ ತೆಗೆದು ತಮ್ಮ ತೋರುಬೆರಳಿಗೆ ಚುಚ್ಚಿಕೊಂಡರು. ಕಣ್ಣು ಮಿಟುಕಿಸಲಿಲ್ಲ.

“ಬೆರಳೆಲ್ಲಾ ಮರಗಟ್ಟಿವೆ ಕಣಮ್ಮಾ. ಕೆನ್ನೆಗೆ ಇನ್ನೂ ಒಂಚೂರು ತಿಳಿಯುತ್ತೆ, ಅದಕ್ಕೆ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಹೋದ ವಾರ ತಾವು ಸರಿ ಅಂದ ಪಟ್ಟಿಗಳಲ್ಲಿ ಎರಡು ಒಂದಿಂಚು ಕುಗ್ಗಿದ್ದವಂತೆ. ಅವರೇ ಕದ್ದು ಬಿಚ್ಚಿ ಸರಿಮಾಡಿದರಂತೆ, ಮರಗಟ್ಟಿದ ಬೆರಳಲ್ಲಿ ಒಂದು ಇಡೀ ಮಧ್ಯಾಹ್ನ.

ಸೋಮವಾರ ಹನ್ನೆರಡು ರೋಲ್ ಬರುವುದಿತ್ತು.

“ಒಂದು ಉಪಕಾರ ಮಾಡು ತಾಯಿ. ನಾನು ಸರಿ ಅಂದ್ಮೇಲೂ, ‘ನೀವೂ ಒಂದ್ಸಲ ಎಳೆದು ನೋಡಿ ಅಕ್ಕಾ’ ಅಂತ ನನ್ನ ಮಗಳಿಗೆ ಹೇಳು. ನಾನು ಹೇಳಿಕೊಟ್ಟೆ ಅನ್ಬೇಡ.”